ತುಕ್ಕು ತಿನ್ನುವ ಚಾವಣಿ ಮತ್ತು ಲೆಕ್ಕಕ್ಕೆ ಬಾರದ ನಷ್ಟ

ದೀಪಾವಳಿ ಸಮೀಪಿಸುತ್ತಿದ್ದಂತೆ ವ್ಯಾಪಾರಸ್ಥರು ಅಂಗಡಿಗೆ ಸುಣ್ಣಬಣ್ಣ ಮಾಡಿಸುತ್ತಾರೆ, ತಕ್ಕಡಿ ತಿಜೋರಿಗಳನ್ನು ಒರೆಸುತ್ತಾರೆ, ಹೊಸ ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮವಿಟ್ಟು ಪೂಜಿಸುತ್ತಾರೆ. ಆ ತಿಜೋರಿ, ಆ ಪುಸ್ತಕ ಹಾಗೂ ಹಿಂಬದಿಯ ಗೋದಾಮಿನಲ್ಲಿ ಪೇರಿಸಿಟ್ಟ ಲಕ್ಷಾಂತರ ರೂಪಾಯಿಗಳ ದಾಸ್ತಾನಿಗೆ ನೆರಳಾಗಿ ನಿಂತ ತಗಡಿನ ಚಾವಣಿಯತ್ತ ಮಾತ್ರ ಯಾರ ದೃಷ್ಟಿಯೂ ಹೋಗುವುದಿಲ್ಲ. ಅದರ ನೆನಪಾಗುವುದು ಜೂನ್ ತಿಂಗಳಿನ ಒಂದು ರಾತ್ರಿ, ಗೋಣಿಚೀಲಗಳ ಮೇಲೆ ತೊಟ್ಟಿಕ್ಕುವ ಸದ್ದು ಕೇಳಿದಾಗ. ಆಗ ಏಣಿ ಹಾಕುವಂತಿಲ್ಲ, ಬಣ್ಣ ಹಚ್ಚುವಂತಿಲ್ಲ, ಕೆಲಸದವರೂ ಸಿಗುವುದಿಲ್ಲ. ಟಾರ್ಪಾಲು ಹೊದಿಸಿ ದೇವರ ಮೇಲೆ ಭಾರ ಹಾಕುವುದೊಂದೇ ಉಳಿಯುವ ದಾರಿ.

ಹಿಂದೆ ಹೀಗಿರಲಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಸುಮಾರು ಒಂದು ಶತಮಾನ ಕಾಲ ಕರಾವಳಿ ಮಲೆನಾಡುಗಳ ಗೋದಾಮು, ಗಿರಣಿ, ಕಾರ್ಖಾನೆಗಳು ಹಂಚಿನ ಮಾಡಿನಡಿಯಲ್ಲೇ ನಡೆದವು. ಹಂಚಿಗೆ ತುಕ್ಕಿನ ಭಯವಿಲ್ಲ. ಆದರೂ ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವ ಪದ್ಧತಿಯಿತ್ತು. ಒಡೆದದ್ದನ್ನು ತೆಗೆದು ಹೊಸದನ್ನಿಟ್ಟು, ಪಾಚಿ ಕೆರೆದು, ಗೆದ್ದಲು ಹಿಡಿದ ರೀಪು ಬದಲಾಯಿಸುವ ಆ ಕೆಲಸಕ್ಕೆ ಪ್ರತಿ ವರ್ಷವೂ ಒಂದಿಷ್ಟು ಹಣ ಮೀಸಲಾಗಿರುತ್ತಿತ್ತು. ಮರದ ಬೆಲೆ ಏರಿ, ಕಂಬಗಳಿಲ್ಲದ ಅಗಲವಾದ ಶೆಡ್ಡುಗಳ ಅಗತ್ಯ ಹೆಚ್ಚಿ, ಕೈಯಾಡಿಸುವವರ ಸಂಖ್ಯೆ ಕಡಿಮೆಯಾದಾಗ ಹಂಚಿನ ಜಾಗಕ್ಕೆ ತಗಡು ಬಂತು. ತಗಡು ಬಂದದ್ದು ತಪ್ಪಲ್ಲ. ತಗಡಿಗೆ ನಿರ್ವಹಣೆಯೇ ಬೇಡ ಎಂಬ ನಂಬಿಕೆಯೂ ಅದರ ಜೊತೆಯಲ್ಲೇ ಬಂದದ್ದು ತಪ್ಪು. ಬೇಯಿಸಿದ ಮಣ್ಣಿಗೆ ವರ್ಷಕ್ಕೊಮ್ಮೆ ಆರೈಕೆ ಮಾಡುತ್ತಿದ್ದ ಊರು ಉಕ್ಕಿಗೆ ಮಾಡುವುದಿಲ್ಲವೆಂಬುದು ವಿಚಿತ್ರವಾದರೂ ನಿಜ.

ತಗಡು ಕೊಳ್ಳುವಾಗ ಕೇಳದ ಪ್ರಶ್ನೆ

ಚಾವಣಿಯ ತಗಡೆಂದರೆ ತೆಳುವಾದ ಉಕ್ಕು. ಅದಕ್ಕೆ ರಕ್ಷಣೆಯಾಗಿರುವುದು ಅದಕ್ಕಿಂತಲೂ ತೆಳುವಾದ ಸತುವಿನ ಲೇಪ. ತಗಡನ್ನು ಅಲೆಯಲೆಯಾಗಿ ಬಾಗಿಸಿ ಬಲಪಡಿಸುವ ಕ್ರಮಕ್ಕೆ ಹೆನ್ರಿ ಪಾಮರ್ ಎಂಬ ಆಂಗ್ಲ ಇಂಜಿನಿಯರ್ 1829ರಲ್ಲಿ ಪೇಟೆಂಟ್ ಪಡೆದನು. ಕರಗಿದ ಸತುವಿನಲ್ಲಿ ಕಬ್ಬಿಣವನ್ನು ಅದ್ದುವ ಕ್ರಮಕ್ಕೆ ಫ್ರಾನ್ಸಿನ ಸೊರೆಲ್ 1837ರಲ್ಲಿ ಪೇಟೆಂಟ್ ಪಡೆದನು. ಅಂದಿನಿಂದ ತತ್ವ ಬದಲಾಗಿಲ್ಲ. ಸತುವು ಉಕ್ಕಿನ ಮೇಲಿನ ಹೊದಿಕೆ ಮಾತ್ರವಲ್ಲ. ಗಾಳಿ ನೀರುಗಳಿಗೆ ಮೊದಲು ತಾನು ಬಲಿಯಾಗಿ ಉಕ್ಕನ್ನು ಉಳಿಸುತ್ತದೆ. ಕತ್ತರಿಸಿದ ಅಂಚಿನಲ್ಲಿಯೂ, ಸಣ್ಣ ಗೀರಿನಲ್ಲಿಯೂ ಪಕ್ಕದ ಸತುವೇ ಕಾವಲು ಕಾಯುತ್ತದೆ. ಆದುದರಿಂದ ತಗಡಿನ ಆಯುಷ್ಯವೆಂದರೆ ಬಹುಮಟ್ಟಿಗೆ ಸತುವಿನ ಆಯುಷ್ಯ. ಸತುವಿನ ಆಯುಷ್ಯವೆಂದರೆ ಅದರ ಪ್ರಮಾಣ.

ಈ ಪ್ರಮಾಣವನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು, ಎರಡೂ ಮೈಗಳದ್ದನ್ನು ಸೇರಿಸಿ ಹೇಳುವುದು ರೂಢಿ. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 277 ಎಂಬ ಮಾನಕದಲ್ಲಿ ಇದಕ್ಕೆ ದರ್ಜೆಗಳಿವೆ. 120 ಗ್ರಾಂ ದರ್ಜೆಯ ತಗಡಿನಲ್ಲಿ ಒಂದೊಂದು ಮೈಗೆ ಸುಮಾರು 8 ಮೈಕ್ರಾನ್ ಸತುವಿರುತ್ತದೆ. 275 ಗ್ರಾಂ ದರ್ಜೆಯದರಲ್ಲಿ ಸುಮಾರು 19 ಮೈಕ್ರಾನ್. ಸಾವಿರ ಮೈಕ್ರಾನಿಗೆ ಒಂದು ಮಿಲಿಮೀಟರ್ ಎಂಬುದನ್ನು ನೆನೆದರೆ ಎಷ್ಟು ತೆಳುವಾದ ಪೊರೆಯನ್ನು ನಂಬಿ ವ್ಯಾಪಾರ ನಡೆಯುತ್ತಿದೆ ಎಂಬುದು ತಿಳಿಯುತ್ತದೆ.

ಈ ಪೊರೆ ಸವೆಯುವ ವೇಗ ಎಲ್ಲೆಡೆ ಒಂದೇ ಅಲ್ಲ. ಐ.ಎಸ್.ಒ. 9223 ಎಂಬ ಅಂತಾರಾಷ್ಟ್ರೀಯ ಮಾನಕವು ವಾತಾವರಣವನ್ನು ಸವೆತದ ದೃಷ್ಟಿಯಿಂದ ವರ್ಗೀಕರಿಸಿದೆ. ಮಧ್ಯಮವೆನ್ನುವ ಸಿ-3 ವರ್ಗದಲ್ಲಿ ಸತುವು ಮೊದಲ ವರ್ಷ 0.7ರಿಂದ 2.1 ಮೈಕ್ರಾನ್ ಸವೆಯುತ್ತದೆ. ಉಪ್ಪುಗಾಳಿ ಬಲವಾಗಿ ಬೀಸುವ ಕಡಲಂಚು ಅಥವಾ ಹೊಗೆ ಹಬೆಗಳ ಕೈಗಾರಿಕಾ ಪ್ರದೇಶ ಸೇರುವ ಸಿ-5 ವರ್ಗದಲ್ಲಿ 4.2ರಿಂದ 8.4 ಮೈಕ್ರಾನ್. ಭಾಗಾಕಾರ ಕಠಿಣವಲ್ಲ. 120 ಗ್ರಾಂ ತಗಡಿನ ಸತುವು ಕಡಲಂಚಿನಲ್ಲಿ ಎರಡು ಮಳೆಗಾಲ ದಾಟಿದರೆ ಹೆಚ್ಚು. ಅದೇ ತಗಡು ಒಳನಾಡಿನ ಒಣ ಊರಿನಲ್ಲಿ ನಾಲ್ಕರಿಂದ ಹನ್ನೆರಡು ವರ್ಷ ಬರಬಹುದು. 275 ಗ್ರಾಂ ತಗಡಿಗೆ ಒಳನಾಡಿನಲ್ಲಿ ಒಂಬತ್ತು ವರ್ಷಕ್ಕಿಂತ ಹೆಚ್ಚು ಕಾಲ ನಿರಾತಂಕ. ಕಡಲಂಚಿನಲ್ಲಿ ಅದಕ್ಕೂ ಬಣ್ಣದ ಕವಚವಿಲ್ಲದಿದ್ದರೆ ಐದು ವರ್ಷವೂ ಭರವಸೆಯಿಲ್ಲ. ಸತುವು ಮುಗಿದ ದಿನವೇ ತಗಡು ತೂತಾಗುವುದಿಲ್ಲ, ನಿಜ. ಆದರೆ ಕೆಂಪು ತುಕ್ಕು ಆರಂಭವಾಗುವುದು ಅಂದಿನಿಂದ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಂಗಳೂರಿಗೂ, ಅದರ ಮೂರನೆಯ ಒಂದು ಭಾಗವನ್ನೂ ಕಾಣದ ಬೆಂಗಳೂರಿನ ಪೀಣ್ಯಕ್ಕೂ ಒಂದೇ ತಗಡನ್ನು ಒಂದೇ ಲೆಕ್ಕದಲ್ಲಿ ಕೊಳ್ಳುವುದು ಸರಿಯಲ್ಲವೆಂಬುದು ಇದರಿಂದ ಸ್ಪಷ್ಟ.

ಆದರೆ ಖರೀದಿಯ ಹೊತ್ತಿನಲ್ಲಿ ನಡೆಯುವ ಮಾತುಕತೆ ಬೇರೆಯೇ ಆಗಿರುತ್ತದೆ. ಕಿಲೋಗೆ ಎಷ್ಟು, ಅಡಿಗೆ ಎಷ್ಟು, ಯಾವ ಬಣ್ಣ, ಎಂದು ಸಿಗುತ್ತದೆ. ಬಹಳವಾದರೆ ದಪ್ಪ ಎಷ್ಟೆಂದು ಕೇಳುತ್ತಾರೆ. ದಪ್ಪದ ಉತ್ತರದಲ್ಲಿಯೂ ಒಂದು ಸೂಕ್ಷ್ಮವಿದೆ. ಲೇಪ ಬಣ್ಣಗಳನ್ನು ಸೇರಿಸಿ 0.50 ಮಿ.ಮೀ. ಎಂದು ಹೇಳುವ ತಗಡಿನ ಒಳಗಿನ ಉಕ್ಕು 0.43ರಿಂದ 0.45 ಮಿ.ಮೀ. ಇರಬಹುದು. ಒಬ್ಬ ಮಾರಾಟಗಾರ ಒಟ್ಟು ದಪ್ಪ ಹೇಳಿ, ಇನ್ನೊಬ್ಬ ಉಕ್ಕಿನ ದಪ್ಪ ಹೇಳಿದರೆ ಎರಡು ದರಪಟ್ಟಿಗಳ ಹೋಲಿಕೆಗೆ ಅರ್ಥವೇ ಇಲ್ಲ. ಸತುವಿನ ಗ್ರಾಮನ್ನಂತೂ ಕೇಳುವವರು ವಿರಳ. ಅಡಿಕೆಯನ್ನು ಕಚ್ಚಿ ನೋಡಿ, ಗೋಡಂಬಿಯನ್ನು ಎಣಿಸಿ ದರ್ಜೆ ಕಟ್ಟುವ ವ್ಯಾಪಾರಿಗಳು ತಮ್ಮ ತಲೆಯ ಮೇಲಿನ ಸರಕನ್ನು ದರ್ಜೆ ಕೇಳದೆ ಕೊಳ್ಳುತ್ತಾರೆ.

ಮಾರುಕಟ್ಟೆಯಲ್ಲಿ ಗ್ಯಾಲ್ವಾಲ್ಯೂಮ್ ಎಂಬ ಹೆಸರಿನಿಂದ ಪರಿಚಿತವಾದ ತಗಡಿನ ಲೇಪದಲ್ಲಿ ತೂಕದ ಲೆಕ್ಕದಲ್ಲಿ ಶೇ. 55ರಷ್ಟು ಅಲ್ಯೂಮಿನಿಯಂ, ಶೇ. 43.4ರಷ್ಟು ಸತುವು, ಉಳಿದ ಶೇ. 1.6ರಷ್ಟು ಸಿಲಿಕಾನ್ ಇರುತ್ತದೆ. ಅಮೆರಿಕದಲ್ಲಿ 1972ರಿಂದ ವ್ಯಾಪಾರಕ್ಕೆ ಬಂದ ಈ ಲೇಪವು ಬಯಲಿನ ಗಾಳಿಮಳೆಗೆ ಅಷ್ಟೇ ದಪ್ಪದ ಬರಿಯ ಸತುವಿಗಿಂತ ಹೆಚ್ಚು ಕಾಲ ತಡೆಯುತ್ತದೆ. ಅದು ಹಗುರವಾದ್ದರಿಂದ 150 ಗ್ರಾಂ ಲೇಪವೇ ಒಂದು ಮೈಗೆ ಸುಮಾರು 20 ಮೈಕ್ರಾನ್ ಆಗುತ್ತದೆ. ಹೀಗಾಗಿ ಸತುವಿನ ಗ್ರಾಮಿನೊಂದಿಗೆ ಇದರ ಗ್ರಾಮನ್ನು ನೇರವಾಗಿ ಹೋಲಿಸಬಾರದು. ಇದಕ್ಕೆ ದೌರ್ಬಲ್ಯವೂ ಇದೆ: ಹಸಿ ಕಾಂಕ್ರೀಟು, ಸಿಮೆಂಟಿನ ಗಾರೆ, ಸುಣ್ಣ, ಸಗಣಿ ಗೊಬ್ಬರದ ಆವಿ ಇದಕ್ಕೆ ಒಗ್ಗುವುದಿಲ್ಲ. ಗೋಡೆಗೂ ತಗಡಿಗೂ ನಡುವಿನ ಸಂದಿಗೆ ಮೇಸ್ತ್ರಿಗಳು ಮೆತ್ತುವ ಸಿಮೆಂಟು ಮೊದಲು ತಿನ್ನುವುದು ಇದನ್ನೇ.

ತುಕ್ಕು ಹುಟ್ಟುವ ಸ್ಥಳಗಳು

ಚಾವಣಿಯ ನಟ್ಟನಡುವೆ ತುಕ್ಕು ಆರಂಭವಾಗುವುದು ಅಪರೂಪ. ಮಳೆ ತೊಳೆಯುವ, ಬಿಸಿಲು ಒಣಗಿಸುವ ಬಯಲು ಭಾಗ ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ನೀರು ನಿಲ್ಲುವ, ಗಾಳಿಯಾಡದ, ಲೇಪ ಗಾಯಗೊಂಡ ಸ್ಥಳಗಳಲ್ಲಿ ರೋಗ ಹುಟ್ಟುತ್ತದೆ.

ಮೊದಲನೆಯ ಅಪರಾಧಿ ತಗಡು ಕೂರಿಸುವ ದಿನದ ಅವಸರ. ಉದ್ದ ಸರಿಪಡಿಸಲು ಕೆಲಸಗಾರರು ತಿರುಗುವ ಕಲ್ಲಿನ ಕಟ್ಟರನ್ನು ಹಿಡಿಯುತ್ತಾರೆ. ಅದರ ಶಾಖದಿಂದ ಅಂಚಿನ ಲೇಪವೂ ಬಣ್ಣವೂ ಸುಟ್ಟುಹೋಗುತ್ತವೆ. ಹಾರಿದ ಕಿಡಿಗಳು ಪಕ್ಕದ ತಗಡಿನ ಬಣ್ಣದಲ್ಲಿ ನಾಟಿ ಕೂರುತ್ತವೆ. ತಗಡು ಕತ್ತರಿಯಿಂದ ಕತ್ತರಿಸಿದರೆ ಈ ಹಾನಿಯಿಲ್ಲ. ರಂಧ್ರ ಕೊರೆದಾಗ ಬಿದ್ದ ಉಕ್ಕಿನ ಪುಡಿಯನ್ನು ಅಂದೇ ಸಂಜೆ ಗುಡಿಸದಿದ್ದರೆ ಮೊದಲ ಇಬ್ಬನಿಗೇ ಅದು ಕೆಂಪಾಗಿ ಹೊಸ ಚಾವಣಿಯ ಮೇಲೆ ಸಿಡುಬಿನಂತೆ ಕಾಣಿಸಿಕೊಳ್ಳುತ್ತದೆ. ಮಾಲೀಕರು ಗಾಬರಿಗೊಂಡು ತಗಡೇ ಕಳಪೆಯೆಂದು ಅಂಗಡಿಯವರೊಡನೆ ಜಗಳಕ್ಕೆ ಹೋಗುತ್ತಾರೆ. ಐದು ನಿಮಿಷದ ಪೊರಕೆಯ ಕೆಲಸವನ್ನು ಗುತ್ತಿಗೆಯ ಕರಾರಿನಲ್ಲಿ ಬರೆಸಿಕೊಂಡಿದ್ದರೆ ಆ ಜಗಳವೇ ಬೇಕಾಗಿರಲಿಲ್ಲ.

ಸ್ಕ್ರೂಗಳ ವಿಷಯದಲ್ಲಿ ಮಾಡುವ ಉಳಿತಾಯ ಅತಿ ದುಬಾರಿಯಾದ ಉಳಿತಾಯ. ಉತ್ತಮ ತಗಡಿಗೆ ಅಗ್ಗದ ಸ್ಕ್ರೂ ಹಾಕಿದರೆ ಮೊದಲು ತುಕ್ಕು ಹಿಡಿಯುವುದು ಸ್ಕ್ರೂ. ಅದರ ತಲೆ ಸವೆದು, ಕೆಳಗಿನ ರಬ್ಬರು ವಾಷರು ಬಿರುಕುಬಿಟ್ಟು, ರಂಧ್ರದ ಸುತ್ತ ತಗಡು ಕೊರೆದುಹೋಗುತ್ತದೆ. ವಾಷರು ಒಡೆಯುವಷ್ಟು ಬಿಗಿ ಮಾಡಿದರೆ ಸುತ್ತಲೂ ಗುಳಿಬಿದ್ದು ನೀರು ನಿಲ್ಲುತ್ತದೆ. ಸಡಿಲ ಬಿಟ್ಟರೆ ಒಳಕ್ಕೆ ಇಳಿಯುತ್ತದೆ. ಒಂದು ತಗಡು ಇನ್ನೊಂದರ ಮೇಲೆ ಹೊದೆಯುವ ಜೋಡಣೆಯೂ ಹಾಗೆಯೇ. ಅಲ್ಲಿ ಹೀರಿಕೊಂಡ ನೀರು ಬಿಸಿಲಿಗೂ ಆರುವುದಿಲ್ಲ. ಹೊರಗಿನಿಂದ ಹೊಳೆಯುವ ತಗಡನ್ನು ಜೋಡಣೆಯಲ್ಲಿ ಎತ್ತಿ ನೋಡಿದರೆ ಒಳಗೆ ಪುಡಿಯಾಗಿರುವುದುಂಟು.

ತಾಮ್ರವು ಸತುವಿನ ವೈರಿ. ಸಿಡಿಲುಗಂಬದ ತಾಮ್ರದ ಪಟ್ಟಿ ತಗಡಿಗೆ ತಾಗಿದರೂ ಸಾಕು, ತಾಮ್ರದ ಮೇಲಿಂದ ಹರಿದ ನೀರು ತಗಡಿನ ಮೇಲೆ ಬಿದ್ದರೂ ಸಾಕು, ಆ ದಾರಿಯುದ್ದಕ್ಕೂ ಲೇಪ ಕರಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಕಚೇರಿ ಕೋಣೆಗಳಿಗೆ ಹವಾನಿಯಂತ್ರಕ ಬಂದ ಮೇಲೆ ಅದರಿಂದ ತೊಟ್ಟಿಕ್ಕುವ ನೀರನ್ನು ಪಕ್ಕದ ತಗಡಿನ ಮೇಲೆ ಬಿಡುವ ಚಾಳಿ ಬೆಳೆದಿದೆ. ತಾಮ್ರದ ಕೊಳವೆಗಳನ್ನು ಸವರಿ ಬಂದ ಆ ನೀರು ದಿನವಿಡೀ ಒಂದೇ ಕಡೆ ಬೀಳುತ್ತದೆ. ಒಂದು ಗಜ ಪ್ಲಾಸ್ಟಿಕ್ ಕೊಳವೆ ಹಾಕಿ ನೆಲಕ್ಕೆ ಇಳಿಸಿದರೆ ಮುಗಿಯುವ ಕೆಲಸವಿದು.

ಮಾವು, ಗೇರು, ಗಾಳಿ ಮರಗಳ ತರಗೆಲೆ ತುಂಬಿದ ದಂಬೆಗಳಲ್ಲಿ ಡಿಸೆಂಬರಿನವರೆಗೂ ಕೆಸರು ಒದ್ದೆಯಾಗಿರುತ್ತದೆ. ಚಾವಣಿಗಿಂತ ಮೊದಲು ದಂಬೆ ತೂತಾಗುವುದು ಅದಕ್ಕಾಗಿಯೇ.

ಬಹಳ ಮಂದಿ ನಂಬದ ಮಾತೊಂದಿದೆ: ಮಳೆ ತಾಗುವ ಮೈಗಿಂತ ಮಳೆ ತಾಗದ ಮೈ ಕಡಲ ಬಳಿಯಲ್ಲಿ ಬೇಗ ಕೆಡುತ್ತದೆ. ಸೂರಿನಂಚಿನ ಕೆಳಮೈ, ಸಜ್ಜದಡಿಯ ಗೋಡೆತಗಡು, ತೆರೆದ ಶೆಡ್ಡಿನ ಒಳಮೈ ಇವುಗಳ ಮೇಲೆ ಕುಳಿತ ಉಪ್ಪನ್ನು ತೊಳೆಯುವವರೇ ಇಲ್ಲ. ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ರಾತ್ರಿಯೆಲ್ಲ ಒದ್ದೆಯಾಗಿರುತ್ತದೆ. ಮಳೆಗಾಲ ಮುಗಿದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ಈ ಭಾಗಗಳಿಗೆ ಸಿಹಿನೀರು ಹಾಯಿಸುವುದಕ್ಕಿಂತ ಅಗ್ಗದ ತುಕ್ಕುನಿವಾರಕ ಇನ್ನೊಂದಿಲ್ಲ. ಒಳಗಿನಿಂದ ಏಳುವ ಆವಿಗೂ ಇದೇ ಮಾತು. ಗೋಡಂಬಿ ಬೇಯಿಸುವ ಹಬೆ, ಮೀನಿನ ಶೆಡ್ಡಿನ ಉಪ್ಪುತೇವ, ಗೊಬ್ಬರದ ಗೋದಾಮಿನ ಧೂಳು, ಎಲೆಕ್ಟ್ರೋಪ್ಲೇಟಿಂಗ್ ಘಟಕದ ಆಮ್ಲದ ಹೊಗೆ ಇವು ಚಾವಣಿಯನ್ನು ಕೆಳಗಿನಿಂದ ತಿನ್ನುತ್ತವೆ. ಅಂಥಲ್ಲಿ ಮೇಲ್ಮೈಗೆ ಎಷ್ಟು ಬಣ್ಣ ಬಳಿದರೂ ಹೊಗೆಯನ್ನು ಹೊರಗೆಳೆಯುವ ಫ್ಯಾನಿಗೆ ಮಾಡಿದ ವೆಚ್ಚದಷ್ಟು ಫಲ ಕೊಡದು.

ತಗಡು ಮಾರುವವರಿಗೂ ಒಂದು ಮಾತು ಸಲ್ಲಬೇಕು. ಬಂಡಲು ಕಟ್ಟಿದ ಹೊಸ ತಗಡುಗಳ ನಡುವೆ ಮಳೆನೀರು ಸೇರಿದರೆ ಗಾಳಿಯಿಲ್ಲದ ಆ ಸಂದಿನಲ್ಲಿ ಕೆಲವೇ ದಿನಗಳಲ್ಲಿ ಸುಣ್ಣದಂಥ ಬಿಳಿಯ ಪುಡಿ ಏಳುತ್ತದೆ. ಇದು ಸತುವಿನದೇ ತುಕ್ಕು. ತೆಳುವಾಗಿದ್ದರೆ ನಾರಿನ ಬ್ರಷ್ಷಿನಿಂದ ಉಜ್ಜಿ ಒಣಗಿಸಿದರೆ ಸಾಕು; ದಪ್ಪಗಟ್ಟಿದ್ದರೆ ಗಿರಾಕಿಯ ಮನೆ ಸೇರುವ ಮೊದಲೇ ತಗಡಿನ ಆಯುಷ್ಯ ಸೋರಿಹೋಗಿದೆ ಎಂದರ್ಥ. ಬಂಡಲುಗಳನ್ನು ನೆಲದಿಂದ ಎತ್ತರಿಸಿ, ತುಸು ಓರೆಯಾಗಿ, ಸೂರಿನಡಿಯಲ್ಲಿ ಇಡುವುದು ಮಾರಾಟಗಾರರ ಹೊಣೆ. ತಗಡು ಮಾರುವ ಅಂಗಡಿಯ ಮುಂದೆಯೇ ತಗಡುಗಳು ಮಳೆಯಲ್ಲಿ ನೆನೆಯುವ ದೃಶ್ಯ ನಮ್ಮ ಪೇಟೆಗಳಲ್ಲಿ ಅಪರೂಪವಲ್ಲ.

ಹಿಡಿದ ತುಕ್ಕಿಗೆ ಚಿಕಿತ್ಸೆ

ಸತುವು ಮಂಕಾಗಿ ಬೂದಿಬಣ್ಣಕ್ಕೆ ತಿರುಗಿದ್ದರೆ ಅದು ರೋಗವಲ್ಲ; ಹೊಳಪು ಹೋದರೂ ಪೊರೆ ಕೆಲಸ ಮಾಡುತ್ತಿದೆ. ಅಲ್ಲಲ್ಲಿ ಕೆಂಪು ಚುಕ್ಕೆ ಕಂಡರೆ ಬಣ್ಣಕ್ಕೆ ಅದೇ ತಕ್ಕ ಕಾಲ. ಸ್ಕ್ರೂಡ್ರೈವರಿನ ತುದಿ ಒತ್ತಿದಾಗ ತಗಡು ಕುಸಿದರೆ ಬಣ್ಣದ ಮಾತೇ ಬೇಡ, ಆ ತಗಡನ್ನು ಬದಲಾಯಿಸಬೇಕು. ಬಹುತೇಕ ಮಾಲೀಕರು ಎರಡನೆಯ ಹಂತವನ್ನು ನೋಡದೆ ಮೂರನೆಯದಕ್ಕೆ ಬಂದು, ಮೂರನೆಯದಕ್ಕೆ ಎರಡನೆಯದರ ಚಿಕಿತ್ಸೆ ಮಾಡಿಸುತ್ತಾರೆ.

ಬಣ್ಣದ ವಿಷಯದಲ್ಲಿ ಒಂದು ತಪ್ಪು ಸಾರ್ವತ್ರಿಕವಾಗಿದೆ. ಕಿಟಕಿ ಸರಳಿಗೆ ಬಳಿಯುವ ಸಾಮಾನ್ಯ ಎನಾಮೆಲ್ ಬಣ್ಣವನ್ನೇ ಜಿ.ಐ. ತಗಡಿಗೆ ನೇರವಾಗಿ ಬಳಿಯುವುದು. ಆ ಬಣ್ಣದಲ್ಲಿರುವ ಎಣ್ಣೆಯ ಅಂಶ ಸತುವಿನೊಡನೆ ಸೇರಿ ಬಣ್ಣ ತಗಡುಗಳ ನಡುವೆ ಒಂದು ಬಗೆಯ ಸಾಬೂನನ್ನು ಉಂಟುಮಾಡುತ್ತದೆ. ಒಂದೆರಡು ಮಳೆಗಾಲದೊಳಗೆ ಬಣ್ಣ ಹಾಳೆಹಾಳೆಯಾಗಿ ಏಳುವುದು ಇದರಿಂದ. ಪೇಂಟರನ್ನು ಬೈದು ಪ್ರಯೋಜನವಿಲ್ಲ. ಸತುವಿನ ಮೈಗೆ ಮೊದಲು ಎಚ್ ಪ್ರೈಮರ್ ಅಥವಾ ಸತುವಿಗೆಂದೇ ತಯಾರಾದ ಪ್ರೈಮರ್ ಬೇಕು. ಸತುವು ಹೋಗಿ ಉಕ್ಕು ಕಂಡ ಜಾಗವನ್ನು ವೈರ್ ಬ್ರಷ್ಷಿನಿಂದ ಹೊಳಪು ಬರುವವರೆಗೆ ಉಜ್ಜಿ, ಉಪ್ಪು ಉಳಿಯದಂತೆ ಸಿಹಿನೀರಿನಲ್ಲಿ ತೊಳೆದು, ಪೂರ್ಣ ಒಣಗಿಸಿ, ಸತುವಿನ ಪುಡಿ ಹೆಚ್ಚಾಗಿರುವ ಜಿಂಕ್ ರಿಚ್ ಪ್ರೈಮರನ್ನು ಹಚ್ಚಿ ಅದರ ಮೇಲೆ ಬಣ್ಣ ಕೊಡಬೇಕು. ತೊಳೆಯುವುದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಉಪ್ಪಿನ ಮೇಲೆ ಬಳಿದ ಬಣ್ಣದಡಿಯಲ್ಲಿ ತುಕ್ಕು ಗುಳ್ಳೆಯೇಳುತ್ತದೆ. ಗಾಳಿಯ ತೇವಾಂಶ ಶೇ. 85ನ್ನು ಮೀರಿದ್ದಾಗ, ಇಬ್ಬನಿ ಆರುವ ಮೊದಲು ಬಣ್ಣ ಹಚ್ಚಬಾರದು. ಕರಾವಳಿಯಲ್ಲಿ ಇದಕ್ಕೆ ಯೋಗ್ಯವಾದ ಕಾಲ ಡಿಸೆಂಬರಿನಿಂದ ಮಾರ್ಚ್; ಮೇ ಕೊನೆಯ ವಾರದಲ್ಲಿ ನೆನಪಾದವರಿಗೆ ಆ ಭಾಗ್ಯವಿಲ್ಲ. ತೂತಾದ ತಗಡಿನ ಮೇಲೆ ಹೊಸ ತಗಡನ್ನು ನೇರವಾಗಿ ಹೊದಿಸುವ ಜಾಣತನವೂ ಇದೆ. ಎರಡರ ನಡುವೆ ತೇವ ಸಿಕ್ಕಿಬಿದ್ದು ಹಳೆಯದರ ರೋಗ ಹೊಸದಕ್ಕೂ ಅಂಟುತ್ತದೆ.

ತುಕ್ಕು ಹಿಡಿದ ಚಾವಣಿಯ ಮೇಲೆ ಮನುಷ್ಯರನ್ನು ಹತ್ತಿಸುವ ಮಾತು ಇವೆಲ್ಲಕ್ಕಿಂತ ದೊಡ್ಡದು. ಕೆಳಗಿನಿಂದ ಗಟ್ಟಿಯಾಗಿ ಕಾಣುವ ತಗಡು ಕಾಲಿಟ್ಟಾಗ ಕಾಗದದಂತೆ ಹರಿಯುತ್ತದೆ. ಕೆಳಗಿರುವುದು ಇಪ್ಪತ್ತು ಇಪ್ಪತ್ತೈದು ಅಡಿ ಆಳದ ಕಾಂಕ್ರೀಟು ನೆಲ. ದಿನಗೂಲಿಗೆ ಕರೆತಂದ ಹುಡುಗನೊಬ್ಬನನ್ನು ಹಗ್ಗವಿಲ್ಲದೆ, ಹಲಗೆಯಿಲ್ಲದೆ ಸೋರುವ ತೂತನ್ನು ಹುಡುಕಲು ಮೇಲಕ್ಕೆ ಕಳುಹಿಸುವುದು ಅಪರಾಧಕ್ಕೆ ಸಮಾನ. ಪರ್ಲಿನ್ ಇರುವ ಸ್ಕ್ರೂ ಸಾಲಿಗೆ ಅಡ್ಡಲಾಗಿ ಉದ್ದನೆಯ ಹಲಗೆ ಹಾಸಿ, ಸುರಕ್ಷಾ ಬೆಲ್ಟನ್ನು ತಗಡಿಗಲ್ಲದೆ ಗಟ್ಟಿಯಾದ ತೊಲೆಗೆ ಕಟ್ಟಿಸಿ, ಕೆಳಗೆ ಜಾಗ ಖಾಲಿ ಮಾಡಿಸಿ ಕೆಲಸ ನಡೆಸಬೇಕು. ಮಳೆಯಲ್ಲಿ ನಡೆಸಲೇಬಾರದು. ಚಾವಣಿಯನ್ನು ಒಣಹವೆಯಲ್ಲಿಯೇ ನೋಡಿಕೊಳ್ಳಬೇಕೆನ್ನುವುದಕ್ಕೆ ಹಣಕ್ಕಿಂತ ಮಿಗಿಲಾದ ಕಾರಣವಿದು.

ಲೆಕ್ಕದ ಮಾತು

ಉತ್ತಮ ತಗಡು ಕೊಂಡರೆ ಹಣ ಉಳಿಯುತ್ತದೆ ಎಂದು ಮಾರಾಟಗಾರರು ಹೇಳುವ ಮಾತನ್ನು ಪರೀಕ್ಷಿಸದೆ ಒಪ್ಪಬೇಕಾಗಿಲ್ಲ. ಲೆಕ್ಕಕ್ಕಾಗಿ ಮಾತ್ರ 5,000 ಚದರ ಅಡಿಯ ಚಾವಣಿಯೊಂದನ್ನು ಊಹಿಸಿಕೊಳ್ಳಬಹುದು. ಅಗ್ಗದ ತಗಡು ಅಡಿಗೆ 60 ರೂಪಾಯಿಯಂತೆ 3,00,000 ರೂಪಾಯಿ, ಬಾಳಿಕೆ 8 ವರ್ಷ, ಆರೈಕೆ ಶೂನ್ಯ. ಉತ್ತಮ ತಗಡು ಅಡಿಗೆ 75 ರೂಪಾಯಿಯಂತೆ 3,75,000 ರೂಪಾಯಿ, ಬಾಳಿಕೆ 18 ವರ್ಷ, ವರ್ಷಕ್ಕೆ 10,000 ರೂಪಾಯಿಯ ಆರೈಕೆ. ಬರಿಯ ಭಾಗಾಕಾರದಲ್ಲಿ ಮೊದಲನೆಯದಕ್ಕೆ ವರ್ಷಕ್ಕೆ 37,500 ರೂಪಾಯಿ, ಎರಡನೆಯದಕ್ಕೆ ಆರೈಕೆ ಸೇರಿ ಸುಮಾರು 30,800 ರೂಪಾಯಿ. ಆದರೆ ಬಂಡವಾಳಕ್ಕೆ ಬಡ್ಡಿಯಿದೆ. ಶೇ. 10ರ ಬಡ್ಡಿ ಹಿಡಿದರೆ ಮೊದಲನೆಯದರ ವಾರ್ಷಿಕ ಹೊರೆ ಸುಮಾರು 56,200 ರೂಪಾಯಿ. ಎರಡನೆಯದರದು ಸುಮಾರು 55,700 ರೂಪಾಯಿ. ವ್ಯತ್ಯಾಸ ಕೇವಲ 500 ರೂಪಾಯಿ! ತಗಡಿನ ಬೆಲೆಯೊಂದನ್ನೇ ಹಿಡಿದರೆ ಎರಡೂ ಒಂದೇ. ಐದು ವರ್ಷದ ಗುತ್ತಿಗೆಗೆ ಪಡೆದ ಜಾಗದಲ್ಲಿ, ಒಳನಾಡಿನ ಒಣಹವೆಯಲ್ಲಿ, ಕಬ್ಬಿಣದ ಸಾಮಾನು ಇಡುವವರು ಅಗ್ಗದ ತಗಡನ್ನೇ ಆರಿಸಿಕೊಂಡರೆ ಅವರನ್ನು ಅವಿವೇಕಿಗಳೆನ್ನಲಾಗದು.

ತಕ್ಕಡಿ ವಾಲುವುದು ಕೆಳಗಿರುವ ಸರಕಿನಿಂದ. ಅಡಿಕೆ, ಗೋಡಂಬಿ, ಕಾಗದ, ಸಿಮೆಂಟು, ಜವಳಿ ಇಂಥ ದಾಸ್ತಾನಿನ ಮೇಲೆ ಒಂದು ರಾತ್ರಿ ನೀರು ಬಿದ್ದರೆ ಹದಿನೆಂಟು ವರ್ಷದ ಆರೈಕೆಯ ಮೊತ್ತ ಒಂದೇ ಬಾರಿಗೆ ಕರಗುತ್ತದೆ. ಬೂಸಲು ಬಂದ ಅಡಿಕೆಗೆ ದರ್ಜೆ ಇಳಿಯುತ್ತದೆ. ಗಂಟುಕಟ್ಟಿದ ಸಿಮೆಂಟಿಗೆ ದರವೇ ಇಲ್ಲ. ಈ ನಷ್ಟ ಲೆಕ್ಕಪುಸ್ತಕದಲ್ಲಿ ಚಾವಣಿಯ ಹೆಸರಿನಲ್ಲಿ ಬರುವುದಿಲ್ಲ. ದಾಸ್ತಾನಿನ ಮೌಲ್ಯದಲ್ಲಿ, ಕಡಿಮೆ ದರದ ಮಾರಾಟದಲ್ಲಿ ಬೆರೆತು ಮಾಯವಾಗುತ್ತದೆ. ಆದುದರಿಂದಲೇ ಅದನ್ನು ತಡೆಯಲು ಯಾರಿಗೂ ಮನಸ್ಸಾಗುವುದಿಲ್ಲ.

ವಿಮೆಯಿದೆಯಲ್ಲ ಎಂಬ ಧೈರ್ಯವೂ ಪೂರ್ಣ ಸತ್ಯವಲ್ಲ. 2021ರ ಏಪ್ರಿಲ್‌ನಿಂದ ಸಣ್ಣ ಉದ್ಯಮಗಳಿಗೆ ದೊರೆಯುತ್ತಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಭಾರತ್ ಲಘು ಉದ್ಯಮ ಸುರಕ್ಷಾ ಪಾಲಿಸಿಗಳಲ್ಲಿ ಬಿರುಗಾಳಿ, ಚಂಡಮಾರುತ, ನೆರೆ ಮೊದಲಾದ ಅಪಾಯಗಳು ಸೇರಿವೆ. ಆದರೆ ತುಕ್ಕಿನಿಂದಾದ ತೂತಿನಲ್ಲಿ ಸಾಮಾನ್ಯ ಮಳೆ ಇಳಿದರೆ ಅದು ಬಿರುಗಾಳಿಯೂ ಅಲ್ಲ, ನೆರೆಯೂ ಅಲ್ಲ. ಸರ್ವೆಯರು ಮೊದಲು ತಲೆಯೆತ್ತಿ ನೋಡುವುದು ಚಾವಣಿಯನ್ನೇ. ಬೇಸಗೆಯಲ್ಲಿ ರಿಪೇರಿ ಮಾಡಿಸಿದ ಬಿಲ್ಲು, ದಿನಾಂಕವಿರುವ ನಾಲ್ಕು ಛಾಯಾಚಿತ್ರಗಳು ಕಡತದಲ್ಲಿದ್ದರೆ ನಿಜವಾದ ಬಿರುಗಾಳಿಯ ಕ್ಲೇಮಿಗೆ ಬಲ ಬರುತ್ತದೆ.

ತೆರಿಗೆಯ ವಿಷಯದಲ್ಲಿ ಆರೈಕೆ ಮಾಡುವವರಿಗೇ ಅನುಕೂಲವಿದೆ. ಸರಕು ಮತ್ತು ಸೇವಾ ತೆರಿಗೆಯ 2017ರ ಕೇಂದ್ರ ಕಾಯಿದೆಯ 17(5)ನೆಯ ಕಲಮು ಕಟ್ಟಡ ನಿರ್ಮಾಣದ ಮೇಲಿನ ಹೂಡುವಳಿ ತೆರಿಗೆ ಜಮೆಯನ್ನು ನಿರಾಕರಿಸುತ್ತದೆ. ನಿರ್ಮಾಣವೆಂಬ ಶಬ್ದದಲ್ಲಿ ರಿಪೇರಿಯೂ ಸೇರುತ್ತದೆ, ಆದರೆ ಆ ವೆಚ್ಚವನ್ನು ಎಷ್ಟರ ಮಟ್ಟಿಗೆ ಬಂಡವಾಳಕ್ಕೆ ಸೇರಿಸಲಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ. ಬಣ್ಣ, ಸ್ಕ್ರೂ, ಕೆಲವು ತಗಡುಗಳ ಬದಲಾವಣೆ, ಕೂಲಿ ಎಲ್ಲ ಸೇರಿ 1,00,000 ರೂಪಾಯಿಯ ರಿಪೇರಿಯನ್ನು ಆ ವರ್ಷದ ಖರ್ಚಿಗೆ ಬರೆದರೆ ಅದರ ಮೇಲಿನ 18,000 ರೂಪಾಯಿ ತೆರಿಗೆ ಸಾಮಾನ್ಯ ನೋಂದಾಯಿತ ವ್ಯಾಪಾರಿಗೆ ಜಮೆಯಾಗಿ ಸಿಗುತ್ತದೆ. ಕಂಪೋಸಿಷನ್ ಪದ್ಧತಿಯವರಿಗೆ ಸಿಗದು. ಚಾವಣಿ ಪೂರ್ಣ ಕೊಳೆಯುವವರೆಗೆ ಕಾದು, ಎಲ್ಲವನ್ನೂ ಕಿತ್ತು ಹೊಸದು ಹಾಕಿ ಬಂಡವಾಳಕ್ಕೆ ಸೇರಿಸಿದವರಿಗೆ ಆ ಜಮೆಯಿಲ್ಲ. ಯಾವುದು ಖರ್ಚು, ಯಾವುದು ಬಂಡವಾಳ ಎಂಬುದು ವ್ಯಾಪಾರಿಯ ಇಚ್ಛೆಗೆ ಬಿಟ್ಟದ್ದಲ್ಲ, ಕೆಲಸದ ಸ್ವರೂಪಕ್ಕೆ ಬಿಟ್ಟದ್ದು.

ಆದಾಯ ತೆರಿಗೆಯಲ್ಲಿಯೂ ಇದೇ ಜಾಡು. ಇರುವ ಆಸ್ತಿಯನ್ನು ಉಳಿಸಿಕೊಳ್ಳಲು ಮಾಡಿದ ವೆಚ್ಚ ಚಾಲ್ತಿ ರಿಪೇರಿ, ಹೊಸ ಆಸ್ತಿಯನ್ನು ತಂದುಕೊಡುವ ವೆಚ್ಚ ಬಂಡವಾಳ ಎಂಬ ಒರೆಗಲ್ಲನ್ನು ಮುಂಬಯಿ ಉಚ್ಚ ನ್ಯಾಯಾಲಯವು 1956ರಲ್ಲಿ ನ್ಯೂ ಶೋರಾಕ್ ಸ್ಪಿನ್ನಿಂಗ್ ಪ್ರಕರಣದಲ್ಲಿ ಕೊಟ್ಟಿತು. ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ, ಚಿತ್ರಮಂದಿರವೊಂದರ ಸಮಗ್ರ ನವೀಕರಣವು ಚಾಲ್ತಿ ರಿಪೇರಿಯಲ್ಲವೆಂದಿತು. 1961ರ ಕಾಯಿದೆಯ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ ಅನ್ವಯಿಸುವಂತೆ 2025ರ ಕಾಯಿದೆ ಬಂದಿದ್ದು ಕಲಮುಗಳ ಸಂಖ್ಯೆ ಬದಲಾಗಿದೆ. ಒರೆಗಲ್ಲು ಹಾಗೆಯೇ ಉಳಿದಿದೆ. ಕಂಪನಿಗಳ ಕಾಯಿದೆ 2013ರ ಎರಡನೆಯ ಅನುಸೂಚಿ ಕಾರ್ಖಾನೆಯ ಕಟ್ಟಡಕ್ಕೆ 30 ವರ್ಷದ ಆಯುಷ್ಯ ಹೇಳುತ್ತದೆ. ಕಡಲಂಚಿನ ತಗಡಿಗೆ ಅಷ್ಟು ಆಯುಷ್ಯವಿಲ್ಲ. ಗಣನೀಯ ಮೌಲ್ಯದ ಬಿಡಿಭಾಗಕ್ಕೆ ಬೇರೆ ಆಯುಷ್ಯವಿದ್ದರೆ ಅದನ್ನು ಪ್ರತ್ಯೇಕವಾಗಿ ಸವಕಳಿಗೆ ಒಳಪಡಿಸಬೇಕೆಂದು ಅದೇ ಅನುಸೂಚಿ ಹೇಳಿದ್ದರೂ, ಚಾವಣಿಯನ್ನು ಪ್ರತ್ಯೇಕವಾಗಿ ತೋರಿಸಿದ ಸಣ್ಣ ಕಂಪನಿಗಳ ಆಸ್ತಿಪಟ್ಟಿಗಳು ಕಾಣಸಿಗುವುದು ಕಡಿಮೆ.

ಬಾಡಿಗೆಯ ಶೆಡ್ಡುಗಳಲ್ಲಿ ತುಕ್ಕಿಗೆ ಯಾರೂ ಒಡೆಯರಿಲ್ಲ. ಮಾಲೀಕರು ಬಾಡಿಗೆದಾರರತ್ತ, ಬಾಡಿಗೆದಾರರು ಮಾಲೀಕರತ್ತ ಬೆರಳು ತೋರಿಸುತ್ತಿರುವಾಗ ಮಳೆ ಬರುತ್ತದೆ. ಆಸ್ತಿ ವರ್ಗಾವಣೆ ಕಾಯಿದೆ 1882ರ 108ನೆಯ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ಬಾಡಿಗೆದಾರರು ಸಹಜ ಸವೆತವನ್ನು ಬಿಟ್ಟು ಆಸ್ತಿಯನ್ನು ಪಡೆದ ಸ್ಥಿತಿಯಲ್ಲಿಯೇ ಇರಿಸಿಕೊಳ್ಳಬೇಕು. ಮಾಲೀಕರು ತಾವು ಮಾಡಿಸಬೇಕಾದ ರಿಪೇರಿಯನ್ನು ನೋಟೀಸು ಕೊಟ್ಟ ಮೇಲೂ ಯುಕ್ತ ಕಾಲದಲ್ಲಿ ಮಾಡಿಸದಿದ್ದರೆ ಬಾಡಿಗೆದಾರರು ತಾವೇ ಮಾಡಿಸಿ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಇಲ್ಲಿ ನೋಟೀಸು ಎಂಬ ಶಬ್ದ ಮುಖ್ಯ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿಯಿರುವುದಿಲ್ಲ. ತುಕ್ಕು ಸಹಜ ಸವೆತವೋ ಬಾಡಿಗೆದಾರರ ಹಬೆಯ ಫಲವೋ ಎಂಬ ವಾದಕ್ಕೆ ಕೊನೆಯಿಲ್ಲವಾದ್ದರಿಂದ ಕರಾರುಪತ್ರದಲ್ಲಿಯೇ ಎರಡು ಸಾಲು ಬರೆಸುವುದು ಲೇಸು: ವಾರ್ಷಿಕ ತೊಳೆತ, ದಂಬೆ ಸ್ವಚ್ಛತೆ, ಸ್ಕ್ರೂ ಬದಲಾವಣೆ ಬಾಡಿಗೆದಾರರದು, ತಗಡು ಬದಲಾವಣೆ ಮಾಲೀಕರದು. ಕರಾರಿನ ದಿನ ಚಾವಣಿಯ ಒಳಹೊರಮೈಗಳ ಛಾಯಾಚಿತ್ರಕ್ಕೆ ಇಬ್ಬರೂ ಸಹಿ ಮಾಡಿರಬೇಕು. ರಿಪೇರಿಯನ್ನು ಕರಾರಿನ ಮೂಲಕ ವಹಿಸಿಕೊಂಡ ಬಾಡಿಗೆದಾರರಿಗೆ ಆ ವೆಚ್ಚ ಬಂಡವಾಳ ಸ್ವರೂಪದ್ದಲ್ಲದಿದ್ದರೆ ಆದಾಯ ತೆರಿಗೆಯಲ್ಲಿಯೂ ಕಳೆತ ಸಿಗುತ್ತದೆ.

ವಾಣಿಜ್ಯ ಮಂಡಳಿಗಳು ಇಲ್ಲಿ ಒಂದು ಕೆಲಸ ಮಾಡಬಹುದು. ತಗಡು ವ್ಯಾಪಾರಿಗಳೂ ಮಂಡಳಿಗಳ ಸದಸ್ಯರೇ. ದರಪಟ್ಟಿ ಮತ್ತು ಬಿಲ್ಲುಗಳಲ್ಲಿ ಉಕ್ಕಿನ ದಪ್ಪ, ಒಟ್ಟು ದಪ್ಪ, ಲೇಪದ ಬಗೆ, ಚದರ ಮೀಟರಿಗೆ ಲೇಪದ ಗ್ರಾಂ ಈ ನಾಲ್ಕನ್ನೂ ನಮೂದಿಸಬೇಕೆಂದು ಸದಸ್ಯರೊಳಗೇ ಒಪ್ಪಂದ ಮಾಡಿಕೊಳ್ಳಲು ಯಾವ ಸರ್ಕಾರಿ ಆದೇಶವೂ ಬೇಡ. ಗಿರಾಕಿಗಳು ಬೆಲೆಯೊಂದನ್ನೇ ಕೇಳುತ್ತಾರೆ ಎಂಬುದು ವ್ಯಾಪಾರಿಗಳ ಸಮಾಧಾನ. ಬಿಲ್ಲಿನಲ್ಲಿ 120 ಮತ್ತು 275 ಎಂಬ ಅಂಕಿಗಳು ಅಕ್ಕಪಕ್ಕ ಕಾಣಿಸತೊಡಗಿದರೆ ಗಿರಾಕಿಗಳು ಅದರ ಅರ್ಥವನ್ನೂ ಕೇಳಿಯಾರು. ಹೆಸರಾಂತ ತಯಾರಕರ ತಗಡುಗಳ ಒಳಮೈಯಲ್ಲಿ ದರ್ಜೆ, ಲೇಪ, ದಪ್ಪಗಳು ಸಣ್ಣ ಅಕ್ಷರದಲ್ಲಿ ಮುದ್ರಿತವಾಗಿಯೇ ಬರುತ್ತವೆ. ಲಾರಿಯಿಂದ ಇಳಿಸುವಾಗ ಆ ಸಾಲನ್ನು ಬಿಲ್ಲಿನೊಡನೆ ತಾಳೆ ನೋಡಿ, ಮೊದಲ ತಗಡು ಮೇಲೇರುವ ಮುನ್ನ ಅದರ ಛಾಯಾಚಿತ್ರವೊಂದನ್ನು ಬಿಲ್ಲಿನ ಜೊತೆಗೇ ಕಡತದಲ್ಲಿರಿಸಬೇಕು.